ಸಪ್ನಾಳ ದಾಖಲಾ

ತಳೇಗಾಂವ ದಾಭಾಡೆ, ಪುಣೆ
25-5-2003

ಪೂಜ್ಯ ಗುರುಗಳಾದ ಗೂಳಪ್ಪ ಮಾಸ್ತರರಿಗೆ ಸಾವಿತ್ರಿಯ ನಮಸ್ಕಾರಗಳು.

ಯಾವ ಸಾವಿತ್ರಿ ಎಂದು ಹುಬ್ಬು ಗಂಟಿಕ್ಕಬೇಡಿ. ಬಿಳಿಗುಂಡ ತಾಂಡಾದ ಧರ್ಮಣ್ಣನ ಮಗಳು, ನಿಮ್ಮ ಕೈಯಲ್ಲಿ ಏಳನೇ ತರಗತಿ ಪಾಸಾದವಳು, ಒಂದು ಸಲ ನಿಮ್ಮ ಕೋಲನ್ನು ಬಾವಿಗೆ ಎಸೆದವಳು. ಎಸೆದದ್ದು ನಾನೇ ಎಂದು ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ. ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ, ಅದಕ್ಕೆ.

ನಾವು ಪುಣೆಯ ಕಡೆ ಬಂದು ನಾಲ್ಕು ವರ್ಷವಾಯಿತು. ಸುಗ್ಗಿಗೆ ಊರು, ಸುಗ್ಗಿ ಮುಗಿದರೆ ಇಲ್ಲಿ, ಹೀಗೇ ನಡೆದಿತ್ತು. ಈಗ ಇಲ್ಲಿಯ ಕಾರ್ಖಾನೆಗಳ ಪಕ್ಕದಲ್ಲಿ ದೊಡ್ಡ ಕಾಲೊನಿ ಏಳುತ್ತಿದೆ. ನಮ್ಮ ಯಜಮಾನರು ಅಂಬಾದಾಸ ಅಲ್ಲಿ ಗೋಡೆ ಕಟ್ಟುವ ಗೌಂಡಿ, ನಾನು ಬುಟ್ಟಿ ಹೊರುತ್ತೇನೆ. ನಾಲ್ಕೈದು ವರ್ಷಕ್ಕೆ ಮೋಸವಿಲ್ಲದ ಕೆಲಸ. ಮಗಳು ಸಪ್ನಾ ನಿಮ್ಮ ಸಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾಗ, ಹೋದ ದೀಪಾವಳಿ ಮುಗಿಸಿ ನಾವೇ ಕರೆದುಕೊಂಡು ಬಂದೆವು. ಆಮೇಲೆ ಅವಳಿಗೆ ಸಾಲೆಯಿಲ್ಲ. ಇನ್ನು ಈ ಓಡಾಟ ಸಾಕು, ಹುಡುಗಿ ಒಂದು ಕಡೆ ನಿಂತು ಓದಲಿ ಎಂದು ನಿಶ್ಚಯ ಮಾಡಿದ್ದೇವೆ.

ಸಾಲೆ ತೆರೆಯುವುದರೊಳಗೆ ಅವಳ ದಾಖಲಾ ಆಗಬೇಕು. ದಾಖಲಾ ಇಲ್ಲದೆ ಏನೂ ನಡೆಯುವುದಿಲ್ಲವಂತೆ. ತಾವು ಮನಸ್ಸು ಮಾಡಿದರೆ ಅರ್ಧ ತಾಸಿನ ಕೆಲಸ. ದಯಮಾಡಿ ಬೇಗ ಮಾಡಿಕೊಡಿ.

ನಿಮ್ಮ ವಿದ್ಯಾರ್ಥಿನಿ,
ಸಾವಿತ್ರಿಬಾಯಿ


ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ಬಿಳಿಗುಂಡ ತಾಂಡಾ, ಯಾದಗಿರಿ ತಾಲೂಕು
5-6-2003

ಚಿ. ಸೌ. ಸಾವಿತ್ರಿಗೆ ಆಶೀರ್ವಾದಗಳು.

ಕೋಲು ಎಸೆದವಳು ಯಾರೆಂದು ನನಗೆ ಅಂದೇ ಗೊತ್ತಿತ್ತು. ಗಣಿತದಲ್ಲಿ ನಿನ್ನಷ್ಟು ಚುರುಕಾದವರು ಇನ್ನೊಬ್ಬರಿರಲಿಲ್ಲ ಎಂದು ಬಿಟ್ಟಿದ್ದೆ.

ನಿನ್ನ ನಿರ್ಧಾರ ಓದಿ ಎದೆ ತುಂಬಿತು. ಎಷ್ಟೋ ಜನ ಮಕ್ಕಳನ್ನೂ ಬುಟ್ಟಿಯ ಜೊತೆ ಹೊತ್ತುಕೊಂಡು ಹೋಗುತ್ತಾರೆ. ನೀನು ಮಗಳನ್ನು ಅಜ್ಜನ ಮನೆಯಲ್ಲಿ ಬಿಟ್ಟು ಓದಿಸುತ್ತೇನೆ ಎನ್ನುತ್ತೀ. ಪತ್ರ ತಲುಪಿದ ದಿನವೇ ಸಪ್ನಾಳ ದಾಖಲಾತಿ ಮಾಡಿದ್ದೇನೆ. ನಾಲ್ಕನೇ ತರಗತಿ, ಹಾಜರಿ ಸಂಖ್ಯೆ ಹದಿನಾಲ್ಕು. ಮೂರನೇ ತರಗತಿಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದ್ದಾಳೆ. ಈಗ ಮಧ್ಯಾಹ್ನದ ಊಟವೂ ಶಾಲೆಯಲ್ಲೇ ಇದೆ, ಆ ಚಿಂತೆ ಬೇಡ. ಬೇಗ ಕಳಿಸು.

ಒಂದು ಮಾತು. ಪತ್ರದಲ್ಲಿ ಮೂರು ಕಡೆ ‘ಸಾಲೆ’ ಎಂದು ಬರೆದಿದ್ದೀ. ಬಾಯಲ್ಲಿ ಸಾಲಿ ಎಂದರೂ ಸರಿ, ಬರೆಯುವಾಗ ‘ಶಾಲೆ’. ನನ್ನ ಪದ್ಧತಿ ನಿನಗೆ ಗೊತ್ತು. ಹತ್ತು ಸಲ ಸರಿಯಾಗಿ ಬರೆದು ಕಳಿಸು.

ಗೂಳಪ್ಪ


ತಳೇಗಾಂವ ದಾಭಾಡೆ
18-6-2003

ಗುರುಗಳೇ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತೆ. ತಪ್ಪು ನನ್ನದೇ. ನಾಲ್ಕು ವರ್ಷ ಮರಾಠಿ ಕಿವಿಗೆ ಬಿದ್ದು ಬಿದ್ದು ಯಾವ ಶಬ್ದ ಯಾವ ಭಾಷೆಯದು ಎಂಬುದೇ ಮರೆತುಹೋಗಿದೆ. ಇಲ್ಲಿ ದಾಖಲಾ ಎಂದರೆ ಶಾಲೆಗೆ ಸೇರಿಸುವುದಲ್ಲ. ಶಾಲೆ ಬಿಟ್ಟವರಿಗೆ ಕೊಡುವ ಕಾಗದ, ನಾವು ಟಿ.ಸಿ. ಎನ್ನುತ್ತೇವಲ್ಲ, ಅದು. ನಾನು ಬಿಡಿಸಿ ಎಂದು ಬರೆದರೆ ನೀವು ಸೇರಿಸಿಬಿಟ್ಟಿರಿ!

ಸಪ್ನಾಳನ್ನು ಇಲ್ಲಿಯ ಮರಾಠಿ ಸರಕಾರಿ ಶಾಲೆಗೆ ಹಾಕುತ್ತಿದ್ದೇವೆ. ಇಲ್ಲಿ ಟೀಚರಿಗೆ ಬಾಯಿ ಎನ್ನುತ್ತಾರೆ. ಹೆಡ್ ಬಾಯಿ ನೋಡಿದ ಕೂಡಲೇ ಕೇಳಿದ್ದು ಒಂದೇ ಮಾತು, “ಮುಲೀಚಾ ದಾಖಲಾ ಆಣಾ.” ಹುಡುಗಿಯ ಟಿ.ಸಿ. ತನ್ನಿ ಎಂದು. ಅದು ಬರುವ ತನಕ ಮೂರನೇ ತರಗತಿಯಲ್ಲಿ ಕೊನೆಯ ಸಾಲಿಗೆ ಕೂತಿರಲಿ ಎಂದಿದ್ದಾರೆ. ಮೊನ್ನೆ ಸೋಮವಾರದಿಂದ ಕೂತಿದ್ದಾಳೆ. ಆದಷ್ಟು ಬೇಗ ಹೆಸರು ತೆಗೆದು ಟಿ.ಸಿ. ಕಳಿಸಿ.

ಇನ್ನೊಂದು ತಿಳಿಯಲಿಲ್ಲ. ನವೆಂಬರದಲ್ಲಿ ಊರು ಬಿಟ್ಟ ಹುಡುಗಿ ಮಾರ್ಚ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಹೇಗೆ ಬಂದಳು? ಅವಳಿಗೆ ಹೇಳಿದರೆ, “ಬರೀದೇನ ಫಸ್ಟ್ ಬಂದ್ನೇನು, ಇನ್ನ ಬರ್ದಿದ್ರ ಏನಾಗ್ತಿತ್ತೋ!” ಎಂದು ಕುಣಿದಾಡಿದಳು.

‘ಶಾಲೆ’ ಎಂದು ಹತ್ತು ಸಲ ಸಿಮೆಂಟ್ ಚೀಲದ ಕಾಗದದ ಮೇಲೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಎಣಿಸಿಕೊಳ್ಳಿ.

ಸಾವಿತ್ರಿ


ಬಿಳಿಗುಂಡ ತಾಂಡಾ
12-8-2003

ಚಿ. ಸೌ. ಸಾವಿತ್ರಿಗೆ ಆಶೀರ್ವಾದಗಳು.

ಉತ್ತರ ತಡವಾಯಿತು. ಟಿ.ಸಿ. ಪುಸ್ತಕ ಮುಗಿದಿದೆ, ಯಾದಗಿರಿಯಿಂದ ಹೊಸದು ಬರಬೇಕು. ಬಂದ ಮೇಲೆ ನೋಡೋಣ.

ಹಾಗೆ ನೋಡಿದರೆ ನಿನ್ನ ನಿರ್ಧಾರವೇ ನನಗೆ ಸರಿಕಾಣುತ್ತಿಲ್ಲ. ಮಗು ಮೊದಲ ನಾಲ್ಕೈದು ವರ್ಷ ತಾಯಿನುಡಿಯಲ್ಲಿ ಕಲಿಯಬೇಕು. ಸರಕಾರ ಇದನ್ನು ಈಗ ಹೇಳುತ್ತಿದೆ, ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ. ಅಲ್ಲಿ ಮರಾಠಿ, ಅದರ ಮೇಲೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬೇರೆ ತಂದಿದ್ದಾರೆ ಎಂದು ಕೇಳಿದೆ. ಕನ್ನಡದ ಕೂಸನ್ನು ಎರಡು ಪರಭಾಷೆಯ ನಡುವೆ ನಿಲ್ಲಿಸಿದರೆ ಅದು ಯಾವುದನ್ನು ಕಲಿತೀತು? ನಮ್ಮ ಶಾಲೆಗೆ ಈಗ ಮೂವರು ಶಿಕ್ಷಕರಿದ್ದೇವೆ. ಹೊಸದಾಗಿ ಬಂದ ವಸಂತಿ ಟೀಚರ್ ಚೆನ್ನಾಗಿ ಕಲಿಸುತ್ತಾರೆ. ಶಾಲೆಯ ಗೋಡೆಯ ಮೇಲೆ ‘ನಮ್ಮ ಊರಿನಲ್ಲಿ ಶಾಲೆಯ ಹೊರಗಿರುವ ಮಕ್ಕಳು: ಸೊನ್ನೆ’ ಎಂದು ದೊಡ್ಡದಾಗಿ ಬರೆಸಿದ್ದೇವೆ. ನೋಡಿದರೆ ನಿನಗೂ ಅಭಿಮಾನ ಬರುತ್ತದೆ.

ದಸರೆಗೆ ಮಗಳನ್ನು ಕರೆದುಕೊಂಡು ಬಾ. ಎದುರಿಗೆ ಕೂತು ಮಾತಾಡೋಣ.

ಗೂಳಪ್ಪ


ತಳೇಗಾಂವ ದಾಭಾಡೆ
24-8-2003

ಗುರುಗಳಿಗೆ ನಮಸ್ಕಾರ.

ತಾಯಿನುಡಿ ಎಂದಿರಿ. ನಮ್ಮ ಮನೆಯಲ್ಲಿ ಸಪ್ನಾ ನನ್ನನ್ನು ಯಾಡಿ ಎನ್ನುತ್ತಾಳೆ, ಅವ್ವ ಎನ್ನುವುದಿಲ್ಲ. ನಮ್ಮ ತಾಯಿನುಡಿ ಲಂಬಾಣಿ, ನೀವು ಮರೆತಿರಿ. ನಿಮ್ಮ ಶಾಲೆಗೆ ಬಂದ ಮೊದಲ ದಿನ ನನಗೆ ಕನ್ನಡದಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ. ಆವತ್ತು ನೀವು ಹೊಡೆಯಲಿಲ್ಲ, ನಗಲಿಲ್ಲ. ಗಡಿಗೆಯ ಹತ್ತಿರ ಕರೆದುಕೊಂಡು ಹೋಗಿ “ನೀರು” ಎಂದು ಹತ್ತು ಸಲ ಹೇಳಿಸಿದಿರಿ. ಪರಭಾಷೆಯಲ್ಲಿ ಮಗು ಹೇಗೆ ಕಲಿಯುತ್ತದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಲಿಸುವವರು ಒಳ್ಳೆಯವರಿದ್ದರೆ ಕಲಿಯುತ್ತದೆ. ಇಲ್ಲಿಯ ಬಾಯಿ ಒಳ್ಳೆಯವರು.

ತೊಂದರೆ ಭಾಷೆಯದಲ್ಲ, ಹೆಸರಿನದು. ಹೆಸರು ಪಟ್ಟಿಯಲ್ಲಿಲ್ಲದ್ದಕ್ಕೆ ಅವಳಿಗೆ ಪುಸ್ತಕ ಸಿಕ್ಕಿಲ್ಲ. ಮಧ್ಯಾಹ್ನದ ಖಿಚಡಿ ಹೆಸರಿನ ಲೆಕ್ಕದ್ದು. ಎಲ್ಲರದೂ ಆದ ಮೇಲೆ ಬಾಯಿ ಉಳಿದದ್ದರಲ್ಲಿ ಇವಳಿಗೆ ಹಾಕುತ್ತಾರೆ, ಕೆಲವು ದಿನ ಉಳಿಯುವುದಿಲ್ಲ. ಬೆಳಿಗ್ಗೆ ಹಾಜರಿ ಕರೆಯುವಾಗ ಎಲ್ಲರೂ ಹಾಜರ್ ಎನ್ನುತ್ತಾರೆ, ಇವಳು ಸುಮ್ಮನೆ ಕೂತಿರುತ್ತಾಳೆ. “ಸಂಧ್ಯಾ ಆದ ಮ್ಯಾಲ ನನ್ನ ಹೆಸರ ಬರಬೇಕು, ಸಾರಿಕಾಗಿಂತ ಮೊದ್ಲ” ಎಂದು ನನಗೆ ತಿಳಿಸಿಹೇಳಿದಳು. ಆ ಜಾಗದಲ್ಲಿ ದಿನಾ ಮನಸ್ಸಿನಲ್ಲೇ ತನ್ನ ಹೆಸರು ಹೇಳಿಕೊಳ್ಳುತ್ತಾಳಂತೆ.

ದಸರೆಗೆ ಬರಲಾಗುವುದಿಲ್ಲ, ಸ್ಲ್ಯಾಬ್ ಬೀಳುವ ಸಮಯ. ಟಿ.ಸಿ. ಕಳಿಸಿ. ಪುಸ್ತಕ ಬಂದಿರದಿದ್ದರೆ ಬಿಳಿ ಹಾಳೆಯ ಮೇಲೆ ಬರೆದು ಸಿಕ್ಕೆ ಒತ್ತಿ.

ಸಾವಿತ್ರಿ


ತಳೇಗಾಂವ ದಾಭಾಡೆ
2-12-2003

ಗೂಳಪ್ಪ ಮಾಸ್ತರರಿಗೆ,

ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು, ನವೆಂಬರೂ ಹೋಯಿತು. ಅಪ್ಪನಿಗೆ ಎರಡು ಸಲ ಫೋನು ಮಾಡಿ, ಮಾಸ್ತರರನ್ನು ಕೇಳು ಎಂದೆ. “ಅವರು ದೊಡ್ಡವರು ಬೇ, ಅವಸರ ಮಾಡಬ್ಯಾಡ” ಎನ್ನುತ್ತಾನೆ. ಶಾಲೆಯ ಸಮಿತಿಗೆ ಅಧ್ಯಕ್ಷನಾದ ಮೇಲೆ ಅಪ್ಪನ ಬಾಯಿಗೆ ಬೀಗ ಬಿದ್ದಿದೆ.

ಹೋದ ವಾರ ನಮ್ಮೂರಿನ ಶಿವಗಂಗವ್ವ ಇಲ್ಲಿಗೆ ಕೆಲಸಕ್ಕೆ ಬಂದಳು. ಗಾಡಿ ಇಳಿದವಳೇ ಸಪ್ನಾಳನ್ನು ನೋಡಿ ಬಾಯಿ ಬಿಟ್ಟಳು. “ಅಯ್ಯ, ಈಕಿ ಇಲ್ಲಿ ಅದಾಳ? ಅಲ್ಲಿ ಸಾಲಿ ಬೋರ್ಡಿನ ಮ್ಯಾಲ ಈಕಿ ಹೆಸರ ಬರ್ದಾರಲ್ಲ, ಒಂದ್ ದಿನಾನೂ ಸಾಲಿ ತಪ್ಪಿಸಿಲ್ಲ ಅಂತ!”

ಜ್ವರ ಬಂದವರು, ಆಡು ಹೊಡೆದುಕೊಂಡು ಹೋದವರು, ನೆಂಟರ ಮನೆಗೆ ಹೋದವರು, ಎಲ್ಲರಿಗೂ ಗೈರುಹಾಜರಿ ಬಿದ್ದಿರುತ್ತದೆ. ಊರಲ್ಲೇ ಇಲ್ಲದವಳಿಗೆ ಮಾತ್ರ ಪೂರ್ಣ ಹಾಜರಿ. ಅಲ್ಲಿ ಹೆಸರು ಇದೆ, ಹುಡುಗಿ ಇಲ್ಲ. ಇಲ್ಲಿ ಹುಡುಗಿ ಇದ್ದಾಳೆ, ಹೆಸರಿಲ್ಲ. ಟಿ.ಸಿ. ಪುಸ್ತಕ ಮುಗಿದಿದೆ ಎಂದದ್ದು ಸುಳ್ಳು ಎಂದು ಈಗ ತಿಳಿಯಿತು. ನೀವು ಸುಳ್ಳು ಹೇಳುತ್ತೀರಿ ಎಂಬುದರಿಂದ ನನಗೆ ಟಿ.ಸಿ. ಬರದಿರುವುದಕ್ಕಿಂತ ಹೆಚ್ಚು ನೋವಾಗಿದೆ. ಯಾಕೆ ಎಂದು ಬರೆಯಿರಿ. ಬರೆಯದಿದ್ದರೆ ನಾನೇ ಗಾಡಿ ಹತ್ತಿ ಬಂದು ಶಾಲೆಯ ಬಾಗಿಲಲ್ಲಿ ಕೂಡುತ್ತೇನೆ.

ಸಾವಿತ್ರಿಬಾಯಿ


ಬಿಳಿಗುಂಡ ತಾಂಡಾ
15-12-2003

ಸಾವಿತ್ರಿ,

ಬರಬೇಡ. ಬರೆಯುತ್ತೇನೆ.

ನಮ್ಮ ರಿಜಿಸ್ಟರಿನಲ್ಲಿ ಎಂಬತ್ತಮೂರು ಹೆಸರಿವೆ. ಅದರಲ್ಲಿ ಹನ್ನೊಂದು ಮಕ್ಕಳು ಸಪ್ನಾಳ ಹಾಗೆ ಊರಲ್ಲಿಲ್ಲ. ನಮಗೆ ಹೇಳಿರುವ ಲೆಕ್ಕ ನಲವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು. ಎಂಬತ್ತೊಂದು ಹೆಸರಿದ್ದರೆ ಮೂವರು, ಎಂಬತ್ತಕ್ಕೆ ಇಳಿದರೆ ಇಬ್ಬರು. ಕಡೆಗೆ ಬಂದವರು ಹೆಚ್ಚುವರಿ ಎನಿಸಿಕೊಂಡು ಬೇರೆ ಊರಿಗೆ ಹೋಗಬೇಕು. ಅಂದರೆ ವಸಂತಿ ಟೀಚರ್. ಸಪ್ನಾಳಿಗೆ ಟಿ.ಸಿ. ಕೊಟ್ಟರೆ ಉಳಿದ ಹತ್ತು ಜನಕ್ಕೆ ಇಲ್ಲವೆನ್ನಲು ನನಗೆ ಯಾವ ಬಾಯಿದೆ?

ನಾನು ಇಲ್ಲಿಗೆ ಬಂದಾಗಿನಿಂದ ಐದನೇ ತರಗತಿ ದಾಟಿದ ಹುಡುಗಿಯರನ್ನು ಬೆರಳ ಮೇಲೆ ಎಣಿಸಬಹುದಿತ್ತು. ನೀನೊಬ್ಬಳು ಏಳರ ತನಕ ಓದಿದ್ದು ನಿನ್ನ ಹಟದಿಂದ. ವಸಂತಿ ಟೀಚರ್ ಬಂದ ಮೇಲೆ ಒಂಬತ್ತು ಹುಡುಗಿಯರು ಆರು, ಏಳರಲ್ಲಿ ಓದುತ್ತಿದ್ದಾರೆ. ನಿನ್ನ ತಮ್ಮ ಮಹೇಶಕುಮಾರನ ಮಗಳು ಸೋನಾಲಿ ಅವರಲ್ಲಿ ಒಬ್ಬಳು. ನಿನ್ನ ತಮ್ಮ ನನ್ನೆದುರು ನಿಂತು ಹೇಳಿದ್ದಾನೆ, “ಟೀಚರಬಾಯಿ ಇರೂ ತನಕ ಕಳಸ್ತೀನ್ರೀ. ಬರೇ ಗಂಡು ಮಾಸ್ತರು ಉಳದ್ರ ಬಿಡಸ್ತೀನಿ.” ನಿನ್ನ ಅಪ್ಪನೂ ಇದೇ ಕಾರಣಕ್ಕೆ ರಿಜಿಸ್ಟರಿಗೆ ಸಹಿ ಹಾಕಿದ. ನಿನಗೆ ಹೇಳಲು ನಾಚಿಕೆಪಟ್ಟಿದ್ದಾನೆ.

ಇಪ್ಪತ್ತೊಂಬತ್ತು ವರ್ಷ ನಾನು ಒಂದು ಸುಳ್ಳು ಹಾಜರಿ ಹಾಕಿದವನಲ್ಲ. ಈಗ ದಿನಾ ಬೆಳಿಗ್ಗೆ ಹನ್ನೊಂದು ಹಾಕುತ್ತೇನೆ. ಕೈ ನಡುಗುವುದು ನಿಂತಿದೆ ಎಂಬುದೇ ನನಗೆ ಹೆದರಿಕೆ. ಈ ವರ್ಷದ ಲೆಕ್ಕ ಜನವರಿ ಕೊನೆಗೆ ಮುಗಿಯುತ್ತದೆ. ಅಲ್ಲಿಯ ತನಕ ತಡೆದುಕೋ. ಫೆಬ್ರವರಿ ಮೊದಲ ವಾರ ಟಿ.ಸಿ. ನಿನ್ನ ಕೈಗೆ.

ಗೂಳಪ್ಪ


ತಳೇಗಾಂವ ದಾಭಾಡೆ
28-12-2003

ಗುರುಗಳಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸಿರಲಿಲ್ಲ. ಅಳು ಬಂತು, ಅತ್ತೆ. ಮಹೇಶಕುಮಾರ ನನ್ನ ಬೆನ್ನಿಗೆ ಬಿದ್ದವನು, ಅವನ ತಲೆ ನನಗೆ ಗೊತ್ತು. ಬಿಡಿಸುತ್ತೇನೆ ಎಂದರೆ ಬಿಡಿಸುತ್ತಾನೆ. ಸೋನಾಲಿಗಾಗಿ ಜನವರಿ ಮೂವತ್ತೊಂದರ ತನಕ ಕಾಯುತ್ತೇನೆ. ನಿಮಗಾಗಿ ಅಲ್ಲ.

ನಿಮ್ಮನ್ನು ಸುಳ್ಳ ಎಂದ ಮೇಲೆ ನನ್ನದನ್ನೂ ಹೇಳಬೇಕು. ಜುಲೈಯಿಂದ ಬಾಯಿಗೆ ನಾನೂ ಸುಳ್ಳು ಹೇಳುತ್ತಿದ್ದೇನೆ. ಟಿ.ಸಿ. ಊರಿಂದ ಹೊರಟಿದೆ, ಟಪಾಲು ದೌಂಡ ಜಂಕ್ಷನ್ನಿನಲ್ಲಿ ಎಲ್ಲೋ ಸಿಕ್ಕಿಬಿದ್ದಿದೆ ಎಂದು. ಸಪ್ನಾಳನ್ನು ಎಬ್ಬಿಸಿ ಕಳಿಸಿಬಿಟ್ಟರೆ ಎಂಬ ಭಯ. ಬಾಯಿ ಈಗ ನನ್ನನ್ನು ಕಂಡಾಗಲೆಲ್ಲ ನಗುತ್ತಾ ಕೇಳುತ್ತಾರೆ, “ದೌಂಡಹೂನ ನಿಘಾಲಾ ಕಾ?” ದೌಂಡದಿಂದ ಹೊರಟಿತೇ ಎಂದು. ಅವರಿಗೆ ಎಂದೋ ತಿಳಿದಿರಬೇಕು.

ಒಂದು ಮಾತ್ರ ಹೇಳುತ್ತೇನೆ. ಒಬ್ಬ ಹುಡುಗಿ ಬೆಂಚಿನಲ್ಲಿ ಕೂಡಲು ಇನ್ನೊಬ್ಬಳ ಹೆಸರನ್ನು ಒತ್ತೆಯಿಡಬೇಕು ಎಂಬ ಲೆಕ್ಕ ಯಾರು ಮಾಡಿದರೋ ಅವರನ್ನು ನಿಮ್ಮ ಹಳೆಯ ಕೋಲಿನ ಮುಂದೆ ನಿಲ್ಲಿಸಬೇಕು. ಕೋಲು ಬಾವಿಗೆ ಹಾಕಿದ್ದಕ್ಕೆ ಮೊದಲ ಸಲ ಬೇಜಾರಾಗಿದೆ.

ಸಾವಿತ್ರಿ


ಬಿಳಿಗುಂಡ ತಾಂಡಾ
3-2-2004

ಚಿ. ಸೌ. ಸಾವಿತ್ರಿಗೆ ಆಶೀರ್ವಾದಗಳು.

ಕೊಟ್ಟ ಮಾತಿನಂತೆ ಸಪ್ನಾಳ ಟಿ.ಸಿ. ಇದರೊಂದಿಗೆ ಇದೆ. ಸಿಕ್ಕೆ, ಸಹಿ ಎಲ್ಲ ಸರಿಯಾಗಿದೆ. ನಡತೆ ‘ಉತ್ತಮ’ ಎಂದು ಬರೆದಿದ್ದೇನೆ. ಲೆಕ್ಕಕ್ಕೆ ಬಂದವರು ಬಂದು ಹೋದರು, ಎಂಬತ್ತಮೂರು ಎಂದು ಬರೆದುಕೊಂಡರು. ವಸಂತಿ ಟೀಚರ್ ಈ ವರ್ಷ ಉಳಿದರು.

ನನ್ನ ಮೇಲಿನ ಸಿಟ್ಟು ಇಲ್ಲಿಗೆ ಮುಗಿಯಲಿ.

ಗೂಳಪ್ಪ


ತಳೇಗಾಂವ ದಾಭಾಡೆ
15-2-2004

ಗುರುಗಳಿಗೆ ನಮಸ್ಕಾರ.

ನೀವು ಕಳಿಸಿದ ಟಿ.ಸಿ.ಯನ್ನು ವಾಪಸು ಕಳಿಸುತ್ತಿದ್ದೇನೆ. ಅದರಲ್ಲಿ ಒಂದು ತಪ್ಪಿದೆ. ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದ್ದೇನೆ, ನೋಡಿ. ‘ಕೊನೆಯ ಹಾಜರಿಯ ದಿನಾಂಕ’ ಎಂಬ ಕಡೆ 31-1-2004 ಎಂದು ಬರೆದಿದ್ದೀರಿ.

ಅದನ್ನು ಬಾಯಿಯ ಮುಂದೆ ಇಟ್ಟಾಗ ನನ್ನ ಮುಖ ಹೂವಿನ ಹಾಗೆ ಅರಳಿತ್ತು. ಅವರಿಗೆ ಕನ್ನಡ ಬರುವುದಿಲ್ಲ, ಅಂಕಿ ಬರುತ್ತದೆ. ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಏಕತೀಸ ಜಾನೇವಾರೀಪರ್ಯಂತ ಹೀ ತಿಕಡೇ ಹೋತೀ? ಮಗ ಇಥಂ ಕೋಣ ಬಸಲೀ ಹೋತೀ?” ಮೂವತ್ತೊಂದರ ತನಕ ಇವಳು ಅಲ್ಲಿದ್ದರೆ, ಇಲ್ಲಿ ಕೂತಿದ್ದವಳು ಯಾರು? ಜನವರಿ ಇಪ್ಪತ್ತಾರಕ್ಕೆ ಧ್ವಜದ ಕೆಳಗೆ ಸಪ್ನಾ ಮರಾಠಿಯಲ್ಲಿ ಭಾಷಣ ಮಾಡಿದ್ದಳು, ಸರಪಂಚರ ಕೈಯಿಂದ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡಿದ್ದಳು. ಊರೆಲ್ಲ ನೋಡಿದೆ.

ನನಗೆ ಇನ್ನು ದೌಂಡದ ಕಥೆ ಹೇಳಲು ಆಗಲಿಲ್ಲ. ಕೂತು ಎಲ್ಲ ಹೇಳಿದೆ, ಹನ್ನೊಂದು ಹೆಸರು, ವಸಂತಿ ಟೀಚರ್, ಸೋನಾಲಿ, ಎಲ್ಲ. ಬಾಯಿ ಟಿ.ಸಿ.ಯನ್ನು ಮಡಚಿ ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ ಹೇಳಿದ್ದು ಇಷ್ಟು: ನಿಜವಾದ ದಿನಾಂಕದ ದಾಖಲಾ ತಾ, ಅವತ್ತೇ ಹೆಸರು ಬರೆಯುತ್ತೇನೆ. ಸುಳ್ಳು ದಿನಾಂಕದ ಮೇಲೆ ಬರೆದರೆ ನಾಳೆ ಇವಳ ಹೆಸರನ್ನು ಯಾರು ಬೇಕಾದರೂ ಹೊಡೆದುಹಾಕಬಹುದು. ಏಪ್ರಿಲ್ ಇಪ್ಪತ್ತಕ್ಕೆ ಪರೀಕ್ಷೆ ಶುರು. ಅಷ್ಟರೊಳಗೆ ಹೆಸರು ಬರದಿದ್ದರೆ ಮುಂದಿನ ವರ್ಷವೂ ಮೂರನೇ ತರಗತಿಯ ಕೊನೆಯ ಸಾಲು.

ನಿಜ ಬರೆದರೆ ನಿಮ್ಮ ಕೊರಳಿಗೆ ಬರುತ್ತದೆ ಎಂದು ನನಗೆ ಗೊತ್ತು. ಹದಿನಾಲ್ಕು ತಿಂಗಳ ಹಾಜರಿ ಸುಳ್ಳೆಂದು ನೀವೇ ಸಹಿ ಹಾಕಿ ಕೊಟ್ಟಂತೆ. ಆದರೂ ಕೇಳುತ್ತೇನೆ. ನನಗೆ ಬೇರೆ ದಾರಿಯಿಲ್ಲ, ಮಗಳ ವಿಷಯ.

ಇನ್ನೊಂದು ವಿಚಾರ ಮಾಡಿ. ನಿಮ್ಮ ಗೋಡೆಯ ಮೇಲೆ ಸೊನ್ನೆ ಎಂದು ಬರೆದಿದೆಯಲ್ಲ, ಹಳ್ಳದ ಆಚೆ ಆಡು ಕಾಯುವ ಹುಡುಗಿಯರು ಯಾರ ಲೆಕ್ಕದಲ್ಲಿದ್ದಾರೆ? ಶಿವಗಂಗವ್ವ ನಾಲ್ಕು ಹೆಸರು ಹೇಳಿದಳು. ಅವರು ಒಂದು ದಿನವೂ ಶಾಲೆ ನೋಡಿಲ್ಲ. ನೀವು ಸೊನ್ನೆ ಎಂದು ಬರೆದ ಮೇಲೆ ಅವರನ್ನು ಹುಡುಕಲು ಹೋಗುವ ಹಾಗೂ ಇಲ್ಲ. ಪುಣೆಯಲ್ಲಿರುವ ನನ್ನ ಮಗಳಿಗೆ ಹಾಜರಿ ಹಾಕುವ ಬದಲು ಹಳ್ಳ ದಾಟಿ ಹೋಗಿ ಅವರನ್ನು ಕರೆತನ್ನಿ. ವಸಂತಿ ಟೀಚರ್ ನಿಜವಾದ ಮಕ್ಕಳ ಮೇಲೆ ಉಳಿಯಲಿ.

ಸರಿಯಾದ ದಿನಾಂಕ ನಿಮಗೆ ಮರೆತಿದ್ದರೆ ನಾನು ಹೇಳುತ್ತೇನೆ. ದೀಪಾವಳಿಯ ವಾರದ ಶನಿವಾರ, 9-11-2002. ಅವತ್ತು ನೀವು ಅವಳಿಗೆ ಏಳರ ಮಗ್ಗಿ ಒಪ್ಪಿಸಿಕೊಂಡು ಕಳಿಸಿದಿರಿ.

ನಿಮ್ಮ ಪದ್ಧತಿ ನಿಮಗೆ ಗೊತ್ತು. ಹತ್ತು ಸಲ ಸರಿಯಾಗಿ ಬರೆದು ಕಳಿಸಿ.

ನಿಮ್ಮ ವಿದ್ಯಾರ್ಥಿನಿ,
ಸಾವಿತ್ರಿ


ಬಿಳಿಗುಂಡ ತಾಂಡಾ
4-4-2004

ಚಿ. ಸೌ. ಸಾವಿತ್ರಿಗೆ ಆಶೀರ್ವಾದಗಳು.

ನಿನ್ನ ಕೆಂಪು ಸುತ್ತು ನೋಡಿ ಮೊದಲು ಸಿಟ್ಟು ಬಂತು. ನನ್ನ ಸಹಿಯ ಮೇಲೆ ಕೆಂಪು ಪೆನ್ಸಿಲ್ ಆಡಿಸುವಷ್ಟು ದೊಡ್ಡವಳಾದಳೇ ಎಂದು. ಕಾಗದವನ್ನು ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿಬಿಟ್ಟೆ. ಮೂರು ವಾರ ತೆಗೆಯಲಿಲ್ಲ. ಆದರೆ ಟಿ.ಸಿ. ವಾಪಸು ಬಂದದ್ದರಿಂದ ಸಪ್ನಾಳ ಹೆಸರು ರಿಜಿಸ್ಟರಿನಲ್ಲೇ ಉಳಿದಿತ್ತು, ದಿನಾ ಬೆಳಿಗ್ಗೆ ಆ ಹದಿನಾಲ್ಕನೇ ನಂಬರಿಗೆ ಬಂದಾಗ ಪೆನ್ನು ನಿಲ್ಲತೊಡಗಿತು.

ಒಂದು ಸೋಮವಾರ ವಸಂತಿ ಟೀಚರಿಗೆ ನಿನ್ನ ಪತ್ರ ಕೊಟ್ಟೆ. ಓದಿ ಅವರು, “ಸರ್, ನಾ ಇಲ್ಲಿ ಇರಬೇಕಂದ್ರ ನನ್ನ ಮುಂದ ಮಕ್ಕಳು ಕೂತಿರಬೇಕ್ರಿ. ಬರೇ ಹೆಸರಿಗೆ ಪಾಠ ಹೇಳಾಕ ನನಗ ಬರೂದಿಲ್ಲ” ಎಂದರು. ಅದೇ ದಿನ ಸಂಜೆ ನಾನು, ಅವರು, ಸೋನಾಲಿ ಮೂವರೂ ಹಳ್ಳ ದಾಟಿದೆವು. ಸೋನಾಲಿ ಮುಂದೆ ಮುಂದೆ. ಅವಳಿಗೆ ಎಲ್ಲ ಆಡುಗಳ ಹೆಸರೂ ಗೊತ್ತು, ಹುಡುಗಿಯರ ಹೆಸರೂ ಗೊತ್ತು. ಹನ್ನೆರಡು ದಿನ ತಿರುಗಿ ಏಳು ಜನ ಸಿಕ್ಕರು. ಜೂನ್‌ನಿಂದ ಕಳಿಸುತ್ತೇವೆ ಎಂದು ತಂದೆತಾಯಿ ಹೆಬ್ಬೆಟ್ಟು ಒತ್ತಿದ್ದಾರೆ. ಹನ್ನೊಂದು ಹೋದರೆ ಎಪ್ಪತ್ತೆರಡು, ಏಳು ಬಂದರೆ ಎಪ್ಪತ್ತೊಂಬತ್ತು. ಇನ್ನೂ ಎರಡು ಕಡಿಮೆ ಇದೆ.

ಗೋಡೆಯ ಮೇಲಿನ ಸೊನ್ನೆಯನ್ನು ನಾನೇ ಸುಣ್ಣ ಬಳಿದು ಅಳಿಸಿದೆ. ಮೇಲಧಿಕಾರಿಗೆ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ಕಾರಣ ಕೇಳಿ ನೋಟಿಸು ಬಂದಿದೆ, ಬಡ್ತಿ ನಿಲ್ಲಬಹುದು, ಅದಕ್ಕಿಂತ ಹೆಚ್ಚೂ ಆಗಬಹುದು. ನಿನ್ನ ಅಪ್ಪ ಸಮಿತಿಯ ಸಭೆಯಲ್ಲಿ ಎದ್ದು ನಿಂತು, “ಮಾಸ್ತರ ಒಬ್ಬರ ತಪ್ಪಲ್ಲರಿ, ಸಹಿ ನಂದೂ ಅದ” ಎಂದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. ನೋಟಿಸಿಗೆ ಉತ್ತರ ಬರೆಯುವಾಗ ನನ್ನ ಕೈ ಮತ್ತೆ ನಡುಗಿತು. ಸಮಾಧಾನವಾಯಿತು.

ನೀನು ಹತ್ತು ಸಲ ಎಂದಿದ್ದೆ. ಹನ್ನೊಂದು ಸಲ ಬರೆದಿದ್ದೇನೆ. ಹನ್ನೊಂದು ಮಕ್ಕಳ ಟಿ.ಸಿ.ಗಳು, ಒಂದೊಂದಕ್ಕೂ ನಿಜವಾದ ದಿನಾಂಕ. ಐದು ಜನ ಹೈದರಾಬಾದಿನಲ್ಲಿದ್ದಾರೆ, ಅವರಿಗೆ ನಾನು ಕಳಿಸುತ್ತೇನೆ. ಉಳಿದ ಆರು ಇದರಲ್ಲಿವೆ. ಸಪ್ನಾಳದು ಮೇಲಿದೆ. ಮೂರು ಮಕ್ಕಳು ಖಡಕಿಯಲ್ಲಿ ಎಲ್ಲೋ ಕಟ್ಟಡದ ಕೆಲಸದಲ್ಲಿದ್ದಾರೆ, ಇಬ್ಬರು ದೌಂಡದ ಕಬ್ಬಿನ ಹೊಲಗಳಲ್ಲಿ. ಹುಡುಕಿ ತಲುಪಿಸುವುದು ನಿನ್ನ ಕೆಲಸ.

‘ಶಾಲೆ ಬಿಟ್ಟ ಕಾರಣ’ ಎಂಬ ಕಡೆ ಎಲ್ಲರೂ ‘ಪಾಲಕರ ವಿನಂತಿ’ ಎಂದು ಬರೆಯುತ್ತಾರೆ. ನಾನು ಸಪ್ನಾಳದರಲ್ಲಿ ‘ಬೇರೆ ಶಾಲೆಯಲ್ಲಿ ಓದುತ್ತಿದ್ದಾಳೆ’ ಎಂದು ಬರೆದಿದ್ದೇನೆ. ತಪ್ಪಿದ್ದರೆ ಸುತ್ತು ಹಾಕು.

ಗೂಳಪ್ಪ


ತಳೇಗಾಂವ ದಾಭಾಡೆ
18-4-2004

ಪೂಜ್ಯ ಗುರುಗಳಿಗೆ ಸಾವಿತ್ರಿಯ ನಮಸ್ಕಾರಗಳು.

ತಪ್ಪಿಲ್ಲ. ಸುತ್ತು ಹಾಕುವಂಥದ್ದು ಏನೂ ಸಿಗಲಿಲ್ಲ, ಮೂರು ಸಲ ಹುಡುಕಿದೆ.

ಹೋದ ಭಾನುವಾರ ಖಡಕಿಗೆ ಹೋಗಿ ಇಬ್ಬರನ್ನು ಹಿಡಿದು ಟಿ.ಸಿ. ಕೊಟ್ಟೆ. ಮೂರನೆಯವರು ಜಾಗ ಬದಲಿಸಿದ್ದಾರೆ, ಸುಳಿವು ಸಿಕ್ಕಿದೆ. ಇವತ್ತು ಮಧ್ಯಾಹ್ನದ ಗಾಡಿಗೆ ದೌಂಡಕ್ಕೆ ಹೊರಡುತ್ತಿದ್ದೇನೆ, ಕಬ್ಬು ಮುಗಿದು ಅವರು ಚದುರುವುದರೊಳಗೆ. ಬಾಯಿಗೆ ಹೇಳಿದಾಗ, “ಅಂತೂ ದಾಖಲಾ ದೌಂಡಕ್ಕೆ ನಿಜವಾಗಿಯೂ ಹೋಗುತ್ತಿದೆ” ಎಂದು ಹೊಟ್ಟೆ ಹಿಡಿದು ನಕ್ಕರು. ನಿಮಗೆ ಕಡಿಮೆ ಇರುವ ಎರಡರಲ್ಲಿ ಒಂದನ್ನು ಬರೆದುಕೊಳ್ಳಿ. ನಮ್ಮ ಯಜಮಾನರ ಅಕ್ಕನ ಮಗಳು ಊರಲ್ಲೇ ಮನೆಯಲ್ಲಿ ಕೂತಿದ್ದಾಳೆ. ಫೋನಿನಲ್ಲಿ ಅರ್ಧ ತಾಸು ಜಗಳ ಮಾಡಿ ಒಪ್ಪಿಸಿದ್ದೇನೆ. ಇನ್ನೊಬ್ಬಳನ್ನು ನೀವು ಹುಡುಕಿ. ನೋಟಿಸಿನ ವಿಚಾರಣೆಗೆ ಯಾರಾದರೂ ಬೇಕೆಂದರೆ ತಂತಿ ಕೊಡಿ, ಅಂಬಾದಾಸ ಮತ್ತು ನಾನು ಬಂದು ಹೇಳುತ್ತೇವೆ. ನಮ್ಮ ಮಾಸ್ತರರು ತಪ್ಪು ಮಾಡಿದರು, ತಿದ್ದಿಯೂ ತಿದ್ದಿದರು ಎಂದು.

ಈಗ ಮೊನ್ನೆಯ ಸುದ್ದಿ. ಶುಕ್ರವಾರ ಬಾಯಿ ಹೆಸರು ಬರೆದರು. ಶನಿವಾರ ಬೆಳಿಗ್ಗೆ ನಾನು ಕೆಲಸಕ್ಕೆ ತಡವಾದರೂ ಆಗಲಿ ಎಂದು ಶಾಲೆಯ ಕಿಟಕಿಯ ಹೊರಗೆ ನಿಂತೆ. ಹಾಜರಿ ಶುರುವಾಯಿತು. ಸಂಧ್ಯಾ ಬಂತು, ಸಾರಿಕಾ ಬಂತು, ಸಪ್ನಾ ಬರಲಿಲ್ಲ. ಹುಡುಗಿ ಎಂದಿನಂತೆ ತಲೆ ತಗ್ಗಿಸಿದಳು. ಹೊಸ ಹೆಸರು ಕೊನೆಗೆ ಬರೆದಿದ್ದರೆಂದು ನನಗೂ ತಿಳಿದಿರಲಿಲ್ಲ, ಅವಳಿಗೂ ತಿಳಿದಿರಲಿಲ್ಲ. ಎಲ್ಲ ಮುಗಿದ ಮೇಲೆ ಬಾಯಿ ಕನ್ನಡಕದ ಮೇಲಿಂದ ನೋಡಿ, “ಸಪ್ನಾ ಅಂಬಾದಾಸ ರಾಠೋಡ” ಎಂದರು.

ಅವಳು ಏಳಲಿಲ್ಲ. ಹತ್ತು ತಿಂಗಳು ಯಾರೂ ಕರೆಯದ ಹೆಸರು, ಕರೆದಾಗ ತನ್ನದೆಂದು ಹೊಳೆಯಲೇ ಇಲ್ಲ. ಬಾಯಿ ಇನ್ನೊಂದು ಸಲ ಕರೆದರು. ಸಾರಿಕಾ ಬೆನ್ನಿಗೊಂದು ಗುದ್ದಿದಳು. ಆಗ ಧಡಕ್ಕನೆ ಎದ್ದು ನಿಂತು ಜೋರಾಗಿ, “ಹಾಜರ್ ರೀ!” ಎಂದಳು. ಆ ‘ರೀ’ ಕೇಳಿ ಇಡೀ ತರಗತಿ ನಕ್ಕಿತು, ಬಾಯಿಯೂ ನಕ್ಕರು. ನಾನು ಹೊರಗೆ ಬುಟ್ಟಿಯಿಂದ ಮುಖ ಮುಚ್ಚಿಕೊಂಡು ಅತ್ತೆ.

ದಾಖಲಾ ಎಂಬ ಶಬ್ದ ನಮ್ಮನ್ನು ಒಂದು ವರ್ಷ ಕುಣಿಸಿತು. ಹಾಜರ್ ಎಂಬ ಶಬ್ದ ಅಲ್ಲೂ ಒಂದೇ, ಇಲ್ಲೂ ಒಂದೇ. ಗುರುಗಳೇ, ನಿಮ್ಮ ರಿಜಿಸ್ಟರಿನಲ್ಲಿ ಹದಿನಾಲ್ಕನೇ ನಂಬರಿನ ಮುಂದೆ ಇನ್ನು ಏನೂ ಬರೆಯಬೇಡಿ. ಅವಳು ಇಲ್ಲಿದ್ದಾಳೆ.

ನಿಮ್ಮ ವಿದ್ಯಾರ್ಥಿನಿ,
ಸಾವಿತ್ರಿ